ಸುಸ್ತಿನ ತಾಲೀಮು

ಗಿರೀಶ ಕಾರ್ನಾಡರ ‘ತುಘಲಕ್’ನಲ್ಲಿ ನನಗೆ ಸಿಕ್ಕಿದ್ದು ಪ್ರಜೆಯ ಪಾತ್ರ. 1327ರ ಸುಮಾರಿಗೆ ಸುಲ್ತಾನ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಎತ್ತಿದಾಗ ಗಂಟುಮೂಟೆ ಹೊತ್ತು ಹೊರಟವರಲ್ಲಿ ಒಬ್ಬ. “ನಿಮಗೆ ತಯಾರಿ ಯಾಕ್ರೀ? ದಿನಾ ಡೊಂಬಿವಲಿಯಿಂದ ಫೋರ್ಟಿಗೆ ಹೋಗಿ ಬರೋರು” ಅಂದರು ನಿರ್ದೇಶಕರು. ನಿಜ. ಅಲ್ಲದೆ ಕಾರ್ನಾಡರೂ ನಮ್ಮ ಲೈನಿನವರೇ. 1938ರಲ್ಲಿ ಅವರು ಹುಟ್ಟಿದ ಮಾಥೇರಾನಿಗೆ ಹೋಗಬೇಕೆಂದರೆ ಕರ್ಜತ್ ಲೋಕಲ್ ಹಿಡಿದು, ಕಲ್ಯಾಣ ದಾಟಿ, ನೇರಳ್‌ನಲ್ಲಿ ಇಳಿಯಬೇಕು.

ತಾಲೀಮು ನಡೆಯುವುದು ಡೊಂಬಿವಲಿಯ ಶಾಲೆಯೊಂದರ ಮೂರನೇ ಇಯತ್ತೆಯ ಕೋಣೆಯಲ್ಲಿ. ಮಾಸ್ತರರ ಕುರ್ಚಿಯೇ ಸಿಂಹಾಸನ. ಅಮೀರರೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತು ಬಂಡಾಯದ ಸಂಚು ಹೂಡುತ್ತಾರೆ. ಎಂಟೂವರೆಗೆ ಎಂದು ವಾಟ್ಸಾಪಿನಲ್ಲಿ ಬಂದರೆ ಒಂಬತ್ತೂಕಾಲು ಎಂದು ಓದಿಕೊಳ್ಳಬೇಕು. ಸುಲ್ತಾನನ ಮಲತಾಯಿ ವಾಶಿಯವರು. ಠಾಣೆಯಲ್ಲಿ ಗಾಡಿ ಬದಲಿಸಿ ಅವರು ಬಂದು ಮುಟ್ಟುವಷ್ಟರಲ್ಲಿ, ಅವರು ವಿಷ ಹಾಕಿಸಬೇಕಾದ ವಜೀರ ನಜೀಬ್ ಶೇರ್ ರಿಕ್ಷಾ ಹತ್ತಿ ಮನೆ ಸೇರಿರುತ್ತಾನೆ. ಅವನ ಆಯುಷ್ಯ ಗಟ್ಟಿ. ಭಾನುವಾರ ಇಟ್ಟುಕೊಳ್ಳೋಣವೆಂದರೆ ಮೆಗಾ ಬ್ಲಾಕ್.

ಸುಲ್ತಾನ ಧಾರವಾಡದವರು, ಇತಿಹಾಸಕಾರ ಬರನಿ ಮಂಗಳೂರಿನವರು. ಮಾತು ಮರೆತಾಗೆಲ್ಲ ಸುಲ್ತಾನರು “ಏನಪಾ ಬರನಿ” ಅನ್ನುವುದು, ಬರನಿ “ಎಂತ ಮಾಡುದು ಮಾರಾಯ್ರೆ” ಅನ್ನುವುದು. ಇಲ್ಲೇ ಹುಟ್ಟಿ ಬೆಳೆದ ಸೇವಕ ಇಬ್ಬರನ್ನೂ ಬಿಟ್ಟು, ತನ್ನ ದೇವನಾಗರಿ ಪ್ರತಿ ನೋಡಿ ಅಚ್ಚುಕಟ್ಟಾಗಿ ಒಪ್ಪಿಸುತ್ತಾನೆ. ನಿದ್ದೆಯೇ ಬಾರದೆ ಒದ್ದಾಡಿದ ತುಘಲಕ್ ನಾಟಕದ ಕೊನೆಯಲ್ಲಿ ಸಿಂಹಾಸನದ ಮೇಲೆ ನಿದ್ದೆ ಹೋಗಬೇಕು. ಶಿಫ್ಟ್ ಮುಗಿಸಿ ಬರುವ ನಮ್ಮ ತುಘಲಕ್ ಎರಡನೇ ದೃಶ್ಯಕ್ಕೇ ಗೊರಕೆ ಹೊಡೆಯುತ್ತಾರೆ.

ಪ್ರಯೋಗ ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹದಲ್ಲೇ ಆಗಲೆಂದು ಖಜಾಂಚಿಯ ಹಟ. ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಆಡಿದ ಮೇಲಲ್ಲವೇ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದ್ದು? ಆ ಋಣ ನೆನಪಿಸಿದರೆ ಬಾಡಿಗೆಯಲ್ಲಿ ರಿಯಾಯಿತಿ ಸಿಕ್ಕೀತು ಎಂದು ಅವರ ಲೆಕ್ಕ.

ಇಷ್ಟೆಲ್ಲ ಸುಧಾರಿಸಿತು. ಸುಧಾರಿಸದೇ ಉಳಿದದ್ದು ಪ್ರಜೆಗಳ ಸುಸ್ತು. “ತಿಂಗಳುಗಟ್ಟಲೆ ನಡೆದು ಬಂದೋರು ನೀವು! ಮದುವೆ ದಿಬ್ಬಣದ ಹಾಗೆ ಯಾಕೆ ಬರ್ತೀರಿ?” ಎಂದು ನಿರ್ದೇಶಕರು ಕೂಗುತ್ತಾರೆ. ಲೋಕಲಿನಿಂದ ಹಿಂಡಿಸಿಕೊಂಡು ಇಳಿದವರು ನಾವೇ. ಆದರೆ ಕೋಣೆಯ ಬಾಗಿಲು ದಾಟಿ, ಕಟಿಂಗ್ ಚಾ ಕೈಗೆ ಬಂದು, ಯಾರೋ ಊರಿನ ಸುದ್ದಿ ತೆಗೆದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮನೆಯಲ್ಲಿ ಅಕ್ಕಿ ಚೀಲ ಎತ್ತಲು ಸೊಂಟನೋವು ಎನ್ನುವ ಪ್ರಜೆಯೊಬ್ಬರು ಇಲ್ಲಿ ಗಂಟಿನ ಜೊತೆ ಇನ್ನೊಬ್ಬರ ಕೂಸನ್ನೂ ಹೊರುತ್ತಾರೆ. ನಿರ್ದೇಶಕರು ಚಾ ಬಂದ್ ಮಾಡಿಸಿ ನೋಡಿದರು, ಮೈದಾನ ಸುತ್ತಿಸಿ ನೋಡಿದರು. ಹಸಿವು ಹೆಚ್ಚಿ ವಡಾಪಾವಿನ ಖರ್ಚು ಏರಿತೇ ಹೊರತು ಸುಸ್ತು ಬರಲಿಲ್ಲ.

ಒಂದು ಸಂಜೆ ಅವರು ಸ್ಟೇಷನ್ನಿಗೇ ಬಂದು ನಿಂತಿದ್ದರು. ಪಾದಚಾರಿ ಸೇತುವೆ ಇಳಿಯುತ್ತಿದ್ದ ನಮ್ಮನ್ನು ಕಂಡು “ಇದೇ! ಇದೇ ನಡಿಗೆ ಬೇಕು!” ಎಂದು ಕುಣಿದಾಡಿದರು. ಆ ಗದ್ದಲದಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಎಲ್ಲರ ಹಲ್ಲೂ ಹೊರಗೆ. ನಿರ್ದೇಶಕರು ಹಣೆ ಚಚ್ಚಿಕೊಂಡರು.

ಕೊನೆಗೆ ಪ್ರಜೆಗಳು ಪ್ರೇಕ್ಷಕರಿಗೆ ಬೆನ್ನು ಮಾಡಿಯೇ ದೌಲತಾಬಾದಿಗೆ ನಡೆಯತಕ್ಕದ್ದು ಎಂದು ತೀರ್ಮಾನವಾಗಿದೆ.