ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದ ನೆನಪು

ಗೆಳೆಯನ ಹಳೇ ಐಬಿಎಂ ಪಿಸಿಯ ಮುಚ್ಚಳ ಬಿಚ್ಚಿಟ್ಟಿತ್ತು. ಪಕ್ಕದಲ್ಲಿ ಗೇಣಿಗಿಂತ ಉದ್ದದ ಒಂದು ಬೋರ್ಡು, ಮೈತುಂಬ ಕರೀ ಚಿಪ್ಪುಗಳು. ಕೂರಿಸುವ ಮೊದಲು ನಾಲ್ಕು ಮಾತಾಡಿಸೋಣ ಅನ್ನಿಸಿತು.

ನಾನು: ನಮಸ್ಕಾರ ಸಾರ್. ತಮ್ಮನ್ನ ಮೆಮೊರಿ ಕಾರ್ಡ್ ಅನ್ನಬಹುದಾ?

ಬೋರ್ಡು: ಬೇಡಪ್ಪಾ. ಆ ಹೆಸರು ಉಗುರಿನಷ್ಟಿರೋ ಹುಡುಗರ ಪಾಲಾಯ್ತು. ನಾನು ಸಿಕ್ಸ್‌ಪ್ಯಾಕ್‌ಪ್ಲಸ್. ಕ್ಯಾಲಿಫೋರ್ನಿಯಾದ ಇರ್ವೈನ್ ಕಡೆಯವನು, ಎಎಸ್‌ಟಿ ರಿಸರ್ಚ್ ಮನೆತನ. ಆಲ್ಬರ್ಟ್, ಸಫಿ, ಥಾಮಸ್ ಅಂತ ಮೂವರು ತಮ್ಮ ಹೆಸರಿನ ಮೊದಲಕ್ಷರ ಜೋಡಿಸಿ ಅಂಗಡಿ ತೆರೆದರು.

ನಾನು: ಮೆಮೊರಿ ಜೊತೆ ಗಡಿಯಾರ, ಪ್ರಿಂಟರ್ ಪೋರ್ಟು, ಸೀರಿಯಲ್ ಪೋರ್ಟು… ಇಷ್ಟೆಲ್ಲ ಯಾಕೆ ಹೊತ್ತಿರಿ?

ಬೋರ್ಡು: 1981ರ ಪಿಸಿಯಲ್ಲಿದ್ದದ್ದು ಐದೇ ಸ್ಲಾಟು. ಪರದೆಗೊಂದು, ಫ್ಲಾಪಿಗೊಂದು ಹೋದರೆ ಮಿಕ್ಕಿದ್ದು ಮೂರು. ಹಾಗಾಗಿ ಒಂದೇ ಸೀಟಿನಲ್ಲಿ ಇಡೀ ಸಂಸಾರ ಕೂರಿಸಿದೆ. ಗಡಿಯಾರ ಇಲ್ಲದ ಪಿಸಿ ಹೇಗಿತ್ತು ಗೊತ್ತಾ? ದಿನಾ ಬೆಳಿಗ್ಗೆ ಎದ್ದು ‘ಇವತ್ತು ಏನು ತಾರೀಖು?’ ಅಂತ ಕೇಳೋದು. ಯಜಮಾನರು ಬೇಜಾರಾಗಿ ಎಂಟರ್ ಒತ್ತಿದರೆ 1980ರ ಜನವರಿ ಒಂದು ಅಂತ ನಂಬಿಕೊಂಡು ಕೂರೋದು.

ನಾನು: ಈ ಚಿಪ್ಪುಗಳು ಸಾಲಿಗೆ ಒಂಬತ್ತಿವೆ. ಎಂಟು ಬಿಟ್ಟಿಗೆ ಒಂದು ಬೈಟು ಅಲ್ಲವೇ?

ಬೋರ್ಡು: ಎಂಟು ಜನ ದುಡೀತಾರೆ. ಒಂಬತ್ತನೆಯವನು ಆಡಿಟರು, ಪ್ಯಾರಿಟಿ. ಒಂದು ಬಿಟ್ಟು ತಪ್ಪಿದರೆ ‘ಪ್ಯಾರಿಟಿ ಚೆಕ್ 2’ ಅಂತ ಬರೆದು ಇಡೀ ಕಚೇರಿಗೇ ಬೀಗ ಹಾಕ್ತಾನೆ. ಯಾರು ತಪ್ಪಿದ್ದು ಅಂದರೆ ಹೇಳೋಕೆ ಬರಲ್ಲ, ಸರಿಮಾಡೋಕಂತೂ ಬರೋದೇ ಇಲ್ಲ. ಇನ್ನೊಂದು ಗುಟ್ಟು. ಒಂದೇ ಬೈಟಿನಲ್ಲಿ ಇಬ್ಬರು ಒಟ್ಟಿಗೇ ತಪ್ಪಿದರೆ ಅವನ ಲೆಕ್ಕ ಸರಿಯಾಗಿಬಿಡುತ್ತೆ!

ನಾನು: ಇದು ಎಲ್ಲೋ ಕೇಳಿದ ಹಾಗಿದೆ.

ಬೋರ್ಡು: ನಾನು ಯಾವ ಇಲಾಖೆಯ ಹೆಸರೂ ಹೇಳಲಿಲ್ಲ.

ನಾನು: ತಮ್ಮ ಜ್ಞಾಪಕಶಕ್ತಿ ಹೇಗೆ?

ಬೋರ್ಡು: (ದನಿ ತಗ್ಗಿಸಿ) ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದವನಂತೆ. ಒಂದೊಂದು ಬಿಟ್ಟೂ ಚಿಟಿಕೆ ವಿದ್ಯುತ್ತು, ಸೋರಿಹೋಗುತ್ತೆ. ಕೆಲವೇ ಮಿಲಿಸೆಕೆಂಡಿಗೊಮ್ಮೆ ಯಾರಾದರೂ ಓದಿಸಿ ಮತ್ತೆ ಬರೆಸದಿದ್ದರೆ ಎಲ್ಲ ಮರೆತೆ. ನನ್ನೊಳಗೇ ಒಂದಿಷ್ಟು ಜಾಗ ಬಿಡಿಸಿ ಡಿಸ್ಕ್ ಅಂತ ಬಳಸೋರೂ ಇದ್ದರು. ವೇಗಕ್ಕೆ ಮರುಳಾಗಿ ಇಡೀ ದಿನದ ಲೆಕ್ಕ ಅಲ್ಲೇ ಇಡೋರು. ಕರೆಂಟು ಹೋಯಿತೋ, ಶಿವಾಯ ನಮಃ.

ನಾನು: ತಮ್ಮ ದೊಡ್ಡ ದೂರು ಯಾವುದು?

ಬೋರ್ಡು: ವಿಳಾಸದ್ದು. ನಾನು ಸ್ಲಾಟಿನಲ್ಲಿ ಕೂತ ಮಾತ್ರಕ್ಕೆ ಪಿಸಿ ನನ್ನನ್ನ ಒಪ್ಪಲ್ಲ. ಮದರ್‌ಬೋರ್ಡಿನ 256 ಕೆಬಿ ಎಲ್ಲಿ ಮುಗಿಯುತ್ತೋ ಅಲ್ಲಿಂದ ನನ್ನ ಮನೆ ನಂಬರು ಶುರುವಾಗಬೇಕು. ಹಿಂದೆ ಸರಿದರೆ ಒಂದೇ ಬಾಗಿಲಿಗೆ ಎರಡು ಸಂಸಾರ. ಅದಾದ ಮೇಲೆ ಮದರ್‌ಬೋರ್ಡಿನ ಪುಟಾಣಿ ಸ್ವಿಚ್ಚುಗಳಲ್ಲಿ ‘ಮನೆಯಲ್ಲಿ ಒಟ್ಟು ಇಷ್ಟು’ ಅಂತ ಬರೆಸಬೇಕು. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ನಾನು ಇದ್ದೂ ಇಲ್ಲದವನು!

ನಾನು: 256ಕ್ಕೆ ನಿಮ್ಮ 384 ಸೇರಿದರೆ 640. ಅಷ್ಟಕ್ಕೇ ಯಾಕೆ ನಿಂತಿತು? ಬಿಲ್ ಗೇಟ್ಸ್ ಸಾಕು ಅಂದರಂತೆ.

ಬೋರ್ಡು: ತಾನು ಹಾಗಂದಿಲ್ಲ ಅಂತ ಆತ ಹೇಳಿ ಹೇಳಿ ಸುಸ್ತಾಗಿದ್ದಾರೆ. 8088 ಪ್ರೊಸೆಸರಿಗೆ ಎಟಕೋದೇ 1024 ಕೆಬಿ. ಮೇಲಿನ 384 ಪರದೆಗೆ, ರಾಮ್ ಅಲ್ಲದ ರೋಮ್‌ಗೆ ಮೀಸಲು. ಮುಂದೆ ಲೋಟಸ್ 1-2-3 ಅನ್ನೋ ಸ್ಪ್ರೆಡ್‌ಶೀಟಿನಲ್ಲಿ ಹಾಸಿಗೆಗಿಂತ ಉದ್ದ ಕಾಲು ಚಾಚಿದವರ ಗೋಳು ಹೆಚ್ಚಾಯ್ತು. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಒಂದು ಉಪಾಯ ಹೂಡಿದರು: ಮೀಸಲು ಜಾಗದಲ್ಲೇ 64 ಕೆಬಿಯ ಒಂದು ಕಿಟಕಿ. ಹಿಂದೆ ಗೋದಾಮು ತುಂಬ ಸರಕು. ಬೇಕಾದ್ದನ್ನ 16 ಕೆಬಿ ತುಂಡಾಗಿ ಕಿಟಕಿಗೆ ತಂದು ತೋರಿಸೋದು. ನೀವು ಸೀರೆ ಅಂಗಡಿ ನೋಡಿಲ್ಲವೇ?

ಮಾತಾಡುತ್ತಲೇ ಕೊನೆಯ ಸಾಲಿನ ಚಿಪ್ಪು ಒತ್ತಿದೆ. ಒಂದು ಕಾಲು ಸಾಕೆಟ್ಟಿಗಿಳಿಯದೆ ಹೊಟ್ಟೆಯಡಿಗೆ ಮಡಚಿಕೊಂಡಿತು. ಬೋರ್ಡು ಏನೂ ಅನ್ನಲಿಲ್ಲ. ಆ ಮೌನವೇ ಸಾಕಾಯ್ತು. ಚಿಮುಟದಿಂದ ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ಮತ್ತೆ ಕೂರಿಸಿ, ಬೋರ್ಡನ್ನು ಸ್ಲಾಟಿಗಿಳಿಸಿ ಸ್ವಿಚ್ ಹಾಕಿದೆ. ಪರದೆಯ ಮೇಲೆ ಅಂಕಿ ಏರತೊಡಗಿತು. 512ಕ್ಕೆ ನಿಂತಿತು.

ನಾನು: ಸಾರ್, ಉಳಿದ 128?

ಬೋರ್ಡು: ಇಲ್ಲೇ ಇದ್ದೀನಪ್ಪಾ. ಹೆಸರು ಬರೆಸಿಲ್ಲ ನೀನು. ಮೊದಲು ಕರೆಂಟು ಆರಿಸು, ಆಮೇಲೆ ಆ ಸ್ವಿಚ್ಚು ಸರಿಸು. ಪೆನ್ಸಿಲ್ ಬೇಡ, ಸೀಸದ ಪುಡಿ ಉದುರುತ್ತೆ. ಬಾಲ್ ಪೆನ್ ತಗೋ.