ಮ್ಯಾನೇಜರ ಮನೆಯ ಹಿಮಗಾಲ

ಶ್ರೀರಾಂಪುರ ಎರಡನೇ ಹಂತದ ಯಾವ ಬೀದಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತರು. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ, ಮಿಷಿಗನ್ನಿನಲ್ಲಿ ಮಗ. ಲಿಂಗಾಂಬುಧಿ ಕೆರೆಯ ಸುತ್ತ ವಾಕಿಂಗ್ ಹೋಗುವಾಗ ಜೊತೆಗಿದ್ದವರು ಏನೇ ಹೇಳಲಿ, ಇವರ ಮಾತು ಶುರುವಾಗುವುದು "ಅಲ್ಲಿ ಹಾಗಲ್ಲ" ಎಂದೇ. ನಮ್ಮ ಬೀದಿಗೆ ಸಿಕ್ಕವರು ಮ್ಯಾನೇಜರು. ಬ್ಯಾಂಕು ಬಿಟ್ಟು ಬಹಳ ವರ್ಷವಾದರೂ ಪದವಿ ಅವರನ್ನು ಬಿಟ್ಟಿಲ್ಲ.

ಅಮೆರಿಕಕ್ಕೆ ಹೋದವರು ಬರುವಾಗ ಬಾದಾಮಿ ತರುತ್ತಾರೆ, ವಿಟಮಿನ್ ಮಾತ್ರೆ ತರುತ್ತಾರೆ. ಮ್ಯಾನೇಜರು ಚಳಿಗಾಲವನ್ನೇ ತಂದರು.

ಮಗನ ಮನೆಯಲ್ಲಿ ಬ್ರುಗ್ಮಾನ್ಸಿಯ ಗಿಡವಿತ್ತಂತೆ. ನಮ್ಮ ಉಮ್ಮತ್ತಿಯ ದಾಯಾದಿ. ಉಮ್ಮತ್ತಿ ಹೂ ಆಕಾಶ ನೋಡಿದರೆ ಇದರ ಹೂ ಗೇಣುದ್ದ ಇಳಿದು ನೆಲ ನೋಡುತ್ತದೆ, ಸಂಜೆಯಾದರೆ ಘಮ್ಮೆನ್ನುತ್ತದೆ. ಮೂಲ ದಕ್ಷಿಣ ಅಮೆರಿಕ. ಹಿಮ ಬಿದ್ದರೆ ಸುಟ್ಟುಹೋಗುತ್ತದೆಂದು ಅಲ್ಲಿಯವರು ಅಕ್ಟೋಬರಿನಲ್ಲಿ ಕುಂಡವನ್ನು ನೆಲಮಾಳಿಗೆಗೆ ಇಳಿಸಿ, ಮೇ ತಿಂಗಳಲ್ಲಿ ಕೊನೆಯ ಹಿಮ ಕಳೆದ ಮೇಲೆ ಮೆಲ್ಲಗೆ ಹೊರಗೆ ತರುತ್ತಾರೆ. ಮ್ಯಾನೇಜರು ಎರಡೂ ಕಾರ್ಯಕ್ರಮಗಳನ್ನು ಕಣ್ಣಾರೆ ಕಂಡು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ವೀಸಾ ಮುಗಿಯುವ ಹೊತ್ತಿಗೆ ಮೈಸೂರಿಗೆ ಬಂದಿಳಿದರು. ಬಂದ ವಾರದಲ್ಲೇ ತಮ್ಮ ತಾರಸಿಯ ಮೇಲಿದ್ದ ಅದೇ ಜಾತಿಯ ಗಿಡವನ್ನು ಸಿಲಿಂಡರ್ ಟ್ರಾಲಿಯ ಮೇಲೆ ಕೂರಿಸಿ ಹಾಲ್‌ಗೆ ತಂದರು.

"ಮಡಿಕೇರಿ ಬೀಗರ ಮನೆ ಬೇಲಿಯಿಂದ ಕಡ್ಡಿ ಮುರ್ಕೊಂಡು ಬಂದಿದ್ದು ಕಣ್ರೀ ಅದು. ಆಷಾಢದ ಮಳೇಲಿ ನೆನೀತಾ ನಿಂತಿರುತ್ತೆ ಅಲ್ಲಿ" ಎಂದರು ಅವರ ಮನೆಯವರು.

"ಅಲ್ಲಿ ಹಾಗಲ್ಲ" ಎಂದರು ಮ್ಯಾನೇಜರು.

ಮೈಸೂರಿನ ಚಳಿ ಎಷ್ಟರ ಚಳಿ! ಡಿಸೆಂಬರ್-ಜನವರಿಯ ಮುಂಜಾವಿನಲ್ಲಿ ಹದಿನೈದು ಹದಿನಾರು ಡಿಗ್ರಿ. ಹಾಲು ತರುವವರಿಗೆ ಒಂದು ಮಫ್ಲರ್ ಸಾಕು. ಆದರೂ ಮ್ಯಾನೇಜರ ಹಾಲ್‌ನ ಕಿಟಕಿಗಳು ಮುಚ್ಚಿದವು. ಗಿಡ ಟಿವಿ ಪಕ್ಕದಲ್ಲಿ, ಫ್ಯಾನ್ ಕೆಳಗೆ, ಒಣ ಗಾಳಿಯಲ್ಲಿ ಮೂರು ತಿಂಗಳು ಧಾರಾವಾಹಿ ನೋಡಿತು. ಹಿಮಕ್ಕೆ ಹೆದರಿ ಒಳಗಿಟ್ಟ ಗಿಡಕ್ಕೆ ಬಂದದ್ದು ನುಸಿ. ಬೆಚ್ಚಗೆ, ಒಣಗಿ, ಮಳೆ ತಾಕದ ಜಾಗವೆಂದರೆ ಅದಕ್ಕೆ ಪ್ರಾಣ. ಸೆಖೆ ಏರಿದರೆ ಮೊಟ್ಟೆಯಿಂದ ಹಿಡಿದು ಮತ್ತೆ ಮೊಟ್ಟೆಯಿಡುವ ಪ್ರಾಯಕ್ಕೆ ಒಂದೇ ವಾರ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಬಿಳಿ ಚುಕ್ಕೆ, ಆಮೇಲೆ ಬೂದು ಬಣ್ಣ, ತೊಟ್ಟಿನ ಸಂದಿಯಲ್ಲಿ ನವಿರು ಬಲೆ. ಅಮ್ಮಾವ್ರು ಮನೆಯ ಜೇಡವೆಂದು ತಿಳಿದು ಉದ್ದನೆಯ ಪೊರಕೆಯಲ್ಲಿ ಬಲೆ ತೆಗೆಯುತ್ತಲೇ ಇದ್ದರು.

ಶಿವರಾತ್ರಿ ಬಂತು. ಚಳಿ ಶಿವ ಶಿವಾ ಎಂದು ಹೋಗುವುದು ಅಂದೇ ಎಂಬುದು ಲೋಕರೂಢಿ. ಒಂಟಿಕೊಪ್ಪಲ್ ಪಂಚಾಂಗದಲ್ಲಿ ಕೊನೆಯ ಹಿಮದ ತಾರೀಕು ಕೊಟ್ಟಿಲ್ಲವಾದ್ದರಿಂದ ಮ್ಯಾನೇಜರು ಇದನ್ನೇ ಹಿಡಿದು, ರಾಹುಕಾಲ ಬಿಟ್ಟು, ಗಿಡವನ್ನು ಹೊರಗೆ ತರಲು ಶುರುಮಾಡಿದರು. ಮೊದಲ ದಿನ ಸಜ್ಜೆಯ ನೆರಳಿನಲ್ಲಿ ಒಂದು ಗಂಟೆ. ಮರುದಿನ ಎರಡು. ಬೆಳಿಗ್ಗೆ ಏಳಕ್ಕೆ ಟ್ರಾಲಿಯ ಗಡಗಡ, ಒಂಬತ್ತಕ್ಕೆ ಮತ್ತೆ ಗಡಗಡ. ಪ್ರೀಕೇಜಿ ಮಗುವನ್ನೂ ಯಾರೂ ಇಷ್ಟು ಜೋಪಾನವಾಗಿ ಶಾಲೆಗೆ ರೂಢಿ ಮಾಡಿಸಿರಲಾರರು.

ಬಿಸಿಲಿಗೆ ತಂದಾಗಲೇ ಎಲೆಯ ಬಣ್ಣ ಅವರ ಕಣ್ಣಿಗೆ ಬಿದ್ದದ್ದು. ನನ್ನನ್ನು ಕೂಗಿ ಕರೆದರು. ಬಿಳಿ ಹಾಳೆಯನ್ನು ಎಲೆಯ ಕೆಳಗೆ ಹಿಡಿದು ಬೆರಳಿನಿಂದ ಎರಡು ಸಲ ತಟ್ಟಿದರು. ಹಾಳೆಯ ಮೇಲೆ ಬಿದ್ದ ದೂಳು ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ನಡೆಯತೊಡಗಿತು. ಭೂತಗನ್ನಡಿ ಕೊಟ್ಟು, "ಕಾಲು ಎಣಿಸಿ ಇವ್ರೇ" ಎಂದರು. ಎಂಟು. "ನೋಡಿದ್ರಾ? ಕೀಟ ಅಲ್ಲ, ಜೇಡದ ಬಳಗ." ಅವರ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಜೇಡದ ಬಳಗವೆಂದು ಗೊತ್ತಿದ್ದವರು ಗೊಬ್ಬರದಂಗಡಿಯಿಂದ ತಂದದ್ದು ಮಾತ್ರ ಕೀಟನಾಶಕ. ಅದು ನುಸಿಯನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಚೊಕ್ಕಟವಾಗಿ ಕೊಂದು ನುಸಿಯನ್ನು ನಿಶ್ಚಿಂತೆಯಿಂದ ಬಾಳಲು ಬಿಟ್ಟಿತು. ವಾರದಲ್ಲಿ ಅಮ್ಮಾವ್ರ ಗುಲಾಬಿ ಕುಂಡಕ್ಕೂ ಬದನೆ ಗಿಡಕ್ಕೂ ಬಲೆ ಕಟ್ಟಿತು.

ಸೊಪ್ಪಿನ ಗಾಡಿಯವನು, ಮದ್ದೂರಿನ ಕಡೆಯವನು, ಗೇಟಿನಿಂದಲೇ ನೋಡಿ, "ನುಸಿ ಅಲ್ವಾ ಸ್ವಾಮಿ? ನಮ್ ತೆಂಗಿಗೆ ಬಂದಿತ್ತಲ್ಲ, ಬೇವಿನೆಣ್ಣೆ ಹೊಡೀರಿ" ಎಂದ. ಮ್ಯಾನೇಜರಿಗೆ ಇದು ಹೊಸ ವಿಷಯವೇನಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ನಮ್ಮ ತೋಟಗಳಿಗೂ ಹಬ್ಬಿ, ಕಾಯಿ ಕಜ್ಜಿ ಹಿಡಿದು ಕುಗ್ಗಿ ಹೋದಾಗ ಇವರು ಆ ಕಡೆಯ ಶಾಖೆಯಲ್ಲೇ ಕೂತು ರೈತರ ಸಾಲದ ಅರ್ಜಿಗಳ ಮೇಲೆ "ಸ್ಥಳ ಪರಿಶೀಲನೆ ಆಗಬೇಕು" ಎಂದು ಬರೆದವರು. ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪಿನ ದ್ರಾವಣ ಅಂದಿನ ಸುತ್ತೋಲೆಯಲ್ಲೇ ಇತ್ತು. "ಅದು ಬೇರೆ ನುಸಿ ಕಣಯ್ಯ, ಅದಕ್ಕೆ ನಾಲ್ಕೇ ಕಾಲು" ಎಂದು ಅವನನ್ನು ತಿದ್ದಿ ಕಳಿಸಿದರು. ಸಂಜೆ ಮಗನಿಗೆ ಫೋನ್ ಮಾಡಿದರೆ ಅವನೂ ಬೇವಿನೆಣ್ಣೆಯನ್ನೇ ಹೇಳಬೇಕೆ! ಅಮೆರಿಕದಿಂದ ಬಂದ ಬೇವಿನೆಣ್ಣೆ ತಕ್ಷಣ ಮಂಜೂರಾಯಿತು.

ಕ್ರಮವೇನೋ ಸರಿಯಾದದ್ದೇ. ಹಾಳಾದ ಎಲೆಗಳನ್ನು ಕಿತ್ತು ಚೀಲ ಕಟ್ಟಿ ಎಸೆಯುವುದು. ಪೈಪಿನ ನೀರನ್ನು ಎಲೆಯ ಅಡಿಯಿಂದ ರಭಸವಾಗಿ ಹೊಡೆಯುವುದು, ಏಕೆಂದರೆ ಸಂಸಾರವೆಲ್ಲ ಇರುವುದು ಅಡಿಯಲ್ಲೇ. ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಬೆರೆಯಲು ಒಂದಿಷ್ಟು ಸೋಪು. ಬಿಸಿಲಿಳಿದ ಮೇಲೆ ಸಿಂಪಡಣೆ. ಮೊಟ್ಟೆ ಜಗ್ಗುವುದಿಲ್ಲವಾದ್ದರಿಂದ ಐದಾರು ದಿನಕ್ಕೊಮ್ಮೆ ಮತ್ತೆ, ಮತ್ತೆ. ಅಮ್ಮಾವ್ರು ಪಕ್ಕದಲ್ಲೇ ಹಪ್ಪಳ ಒಣಹಾಕಿದ್ದರೆಂಬುದು ಆ ವರ್ಷ ಅವರ ಮನೆಯಲ್ಲಿ ಹಪ್ಪಳ ತಿಂದವರಿಗೆಲ್ಲ ಗೊತ್ತಾಯಿತು.

ಎಲೆ ಕಿತ್ತ ಕೈಯಲ್ಲೇ ಮ್ಯಾನೇಜರು ಕಣ್ಣುಜ್ಜಿಕೊಂಡರು. ಅರ್ಧ ಗಂಟೆಯಲ್ಲಿ ಪತ್ರಿಕೆ ಮಸುಕಾಯಿತು. ಕನ್ನಡಿಯಲ್ಲಿ ನೋಡಿದರೆ ಒಂದು ಕಣ್ಣಿನ ಪಾಪೆ ಇನ್ನೊಂದರ ಎರಡರಷ್ಟು. ಲಕ್ವವೇ ಹೊಡೆಯಿತೆಂದು ಮನೆಯೆಲ್ಲ ಗಾಬರಿ. ನನ್ನ ಸ್ಕೂಟರಿನಲ್ಲೇ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ದತ್ತೂರಿ ಗಿಡ ಏನಾದ್ರೂ ಮುಟ್ಟಿದ್ರಾ ಸಾರ್?" ಎಂದರು. ಪಾಪೆ ಅಗಲ ಮಾಡಲು ಅವರೇ ಹಾಕುವ ಅಟ್ರೋಪಿನ್ ಈ ಗಿಡದ ಮೈತುಂಬ ಇದೆ. ಪ್ರಾಣಭಯದಲ್ಲಿದ್ದ ಮ್ಯಾನೇಜರು ನೆಟ್ಟಗೆ ಕೂತು, "ದತ್ತೂರಿ ಅಲ್ಲ ಡಾಕ್ಟ್ರೇ, ಬ್ರುಗ್ಮಾನ್ಸಿಯ" ಎಂದರು. ಎರಡು ದಿನ ಕಪ್ಪು ಕನ್ನಡಕ ಹಾಕಿಕೊಂಡೇ ಸಿಂಪಡಣೆ ನಡೆಯಿತು, ಕೈಗವಸಿನ ಸಮೇತ.

ಏಪ್ರಿಲಿನಲ್ಲಿ ಯಾವುದೋ ಮದುವೆಗೆಂದು ದಂಪತಿ ಬೆಂಗಳೂರಿಗೆ ಹೋದರು. ಟ್ರಾಲಿ ತಾರಸಿಯಲ್ಲೇ ಉಳಿಯಿತು. ಆ ರಾತ್ರಿ ಚಾಮುಂಡಿ ಬೆಟ್ಟದ ಕಡೆಯಿಂದ ಗುಡುಗಿ ಬಂದ ಅಶ್ವಿನಿ ಮಳೆ ಶ್ರೀರಾಂಪುರದ ಚರಂಡಿಗಳನ್ನೂ ಮ್ಯಾನೇಜರ ಗಿಡವನ್ನೂ ಒಟ್ಟಿಗೆ ತೊಳೆಯಿತು. ಅದು ಒಂದೇ ದಿನ ಬಂದು ನಿಲ್ಲಲಿಲ್ಲ. ಮೇ ಮೊದಲ ವಾರ ಗಿಡದ ತುಂಬ ಹೊಸ ಎಲೆ, ಹನ್ನೊಂದು ಹೂ.

"ಹಂತ ಹಂತವಾಗಿ ಹೊರಗೆ ತಂದದ್ದಕ್ಕೇ ಈ ಹೂ" ಎಂದು ಮ್ಯಾನೇಜರು ವಾಕಿಂಗ್ ಬಳಗಕ್ಕೆಲ್ಲ ಫೋಟೋ ಕಳಿಸಿದರು. ಅಮ್ಮಾವ್ರು ಏನೂ ಹೇಳಲಿಲ್ಲ. ಅವರ ಗುಲಾಬಿಯೂ ಬದನೆಯೂ ಹಂತವಿಲ್ಲದೆಯೇ ಚಿಗುರಿದ್ದವು.

ಅದೇ ತಿಂಗಳು ಮತ್ತೆ ಮಿಷಿಗನ್. ಹೊರಡುವ ಹಿಂದಿನ ಸಂಜೆ ಮ್ಯಾನೇಜರು ನನ್ನ ಕೈಗೆ ಟೈಪು ಮಾಡಿಸಿದ ಎರಡು ಹಾಳೆ ಕೊಟ್ಟು, "ನಾವು ಬರೋದು ನವೆಂಬರ್ ಇವ್ರೇ. ಅಕ್ಟೋಬರ್ 15ಕ್ಕೆ ಸರಿಯಾಗಿ ಒಳಗೆ ತಂದುಬಿಡಿ, ಹಿಮ ಕಾಯೋದಿಲ್ಲ" ಎಂದರು. ಗೇಟಿನವರೆಗೆ ಬಂದ ಅಮ್ಮಾವ್ರು ಬೀಗದ ಕೈ ಕೊಡುತ್ತಾ ಸಣ್ಣ ದನಿಯಲ್ಲಿ, "ಇದು ತಾರಸಿ ಬಾಗಿಲಿಂದು ಮಾತ್ರ ಕಣಪ್ಪ. ಹಾಲಿನ ಬೀಗದ ಕೈ ನಾನು ಸೂಟ್‌ಕೇಸಲ್ಲಿ ಹಾಕ್ಕೊಂಡಿದೀನಿ" ಎಂದರು.