ಒಂಟಿ ಹೆಸರಿನ ಪ್ರಯಾಣಿಕ

ಹೊಸೂರು, ಬಾಗಲೂರು, ಡೆಂಕಣಿಕೋಟೆ ಕಡೆ ಮನುಷ್ಯನಿಗೆ ಒಂದು ಹೆಸರು ಸಾಕು. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬೈಸಿಕೊಳ್ಳಲು ಅದೇ ಆಗುತ್ತದೆ. ಒಂದೇ ಬೀದಿಯಲ್ಲಿ ಮೂವರು ಮುನಿಯಪ್ಪಂದಿರಿದ್ದರೆ ಅಪ್ಪನ ಹೆಸರಿನ ಮೊದಲಕ್ಷರ ನೋಡಿ ಗುರುತು ಹಿಡಿಯುತ್ತಾರೆ.

ಪಾಸ್‌ಪೋರ್ಟಿಗೆ ಮಾತ್ರ ಈ ಇನಿಷಿಯಲ್ ಒಗ್ಗದು. ಬಿಡಿಸಿ ಬರೆಯಬೇಕು. ಸರ್‌ನೇಮ್ ಎಂದರೆ ಜಾತಿಯೋ, ಊರೋ, ಅಪ್ಪನೋ ತಿಳಿಯದೆ ಎಷ್ಟೋ ಜನ ಆ ಕಾಲಂ ಖಾಲಿ ಬಿಟ್ಟರು. ಹಾಗಿದ್ದರೂ ದುಬೈಗೆ ಹೋಗಿಬರುತ್ತಿದ್ದರು. 2022ರ ನವೆಂಬರ್ 21ರಿಂದ ಯುಎಇ ಪಟ್ಟು ಹಿಡಿಯಿತು: ವಿಸಿಟ್ ವೀಸಾದವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವೇಶವಿಲ್ಲ.

ಮೊಮ್ಮಗುವನ್ನು ನೋಡಲು ರಾಗಿ ಹುರಿಹಿಟ್ಟು ಕಟ್ಟಿಕೊಂಡು, ಅತ್ತಿಬೆಲೆ, ಸಿಲ್ಕ್ ಬೋರ್ಡ್ ದಾಟಿ ಮುನಿಯಪ್ಪನೊಬ್ಬ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಿದ ಎಂದಿಟ್ಟುಕೊಳ್ಳಿ.

“ಸರ್‌ನೇಮ್ ಎಲ್ಲಿ ಸಾರ್?”

“ಅದೆಲ್ಲಾ ನಮ್ಮ ಕಡೆ ಇಲ್ಲ ಕಣಮ್ಮ. ಊರಲ್ಲಿ ಯಾರನ್ನ ಕೇಳಿದ್ರೂ ನನ್ನ ಮನೆ ತೋರಿಸ್ತಾರೆ.”

ಕೌಂಟರಿನ ಹುಡುಗಿಯನ್ನು ಬೈದು ಫಲವಿಲ್ಲ. ಯಾವ ದೇಶ ಯಾರನ್ನು ಬಿಟ್ಟುಕೊಳ್ಳುತ್ತದೆಂದು ಹೇಳುವ ಟಿಮ್ಯಾಟಿಕ್ ಎಂಬ ಮಾಹಿತಿಕೋಶ ಅವಳ ಕಂಪ್ಯೂಟರಿನಲ್ಲಿರುತ್ತದೆ. ಅದನ್ನು ಮೀರಿ ಹತ್ತಿಸಿಕೊಂಡರೆ, ಅಲ್ಲಿಂದ ತಿರುಗಿ ಕರೆತರುವ ಹೊಣೆ ವಿಮಾನ ಕಂಪನಿಯದೇ. ಹಲವು ದೇಶಗಳಲ್ಲಿ ದಂಡ ಬೇರೆ.

ರೆಸಿಡೆನ್ಸ್ ವೀಸಾದವರಿಗೆ ಒಂದು ದಾರಿಯಿತ್ತು. ಇದ್ದ ಒಂದೇ ಹೆಸರನ್ನು ಎರಡೂ ಕಾಲಮ್ಮಿನಲ್ಲಿ ತುಂಬಿಸುವುದು! ಮುನಿಯಪ್ಪ ಮುನಿಯಪ್ಪ ಎಂದರೆ ಮೊದಲು ಒಬ್ಬನೆಂಬ ಅನುಮಾನ ಇಬ್ಬರೆಂಬ ಅನುಮಾನವಾಗಬೇಕಿತ್ತು. ಆದರೆ ಅದು ನಡೆಯಿತು. ಕೆಲವೇ ದಿನದಲ್ಲಿ ಇನ್ನೊಂದು ಸಡಿಲಿಕೆಯೂ ಬಂತು: ಇಳಿದ ಮೇಲೆ ವೀಸಾ ಪಡೆಯಲು ಅರ್ಹತೆಯಿದ್ದವರ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು. ಊರಿನವರು ಮೊದಲಿನಿಂದಲೂ ಕೇಳುತ್ತಿದ್ದುದು ಅದನ್ನೇ, ಯಾರ ಮಗ ಎಂದು.

ಪರಿಹಾರದ ಲೆಕ್ಕವಂತೂ ಸ್ವಾರಸ್ಯಕರ. ಟಿಕೆಟ್ ಹೆಚ್ಚು ಮಾರಿ ಸೀಟಿಲ್ಲವೆಂದು ಇಳಿಸಿದರೆ, ಬದಲಿ ವಿಮಾನ 24 ಗಂಟೆಯೊಳಗೆ ಕೊಟ್ಟರೆ 10,000, ತಡವಾದರೆ 20,000 ರೂಪಾಯಿಯವರೆಗೆ ಕೊಡಬೇಕೆಂದು ನಮ್ಮ ಡಿಜಿಸಿಎ ನಿಯಮ. ವಿಮಾನ ತುಂಬಿದ್ದರೆ ದುಡ್ಡುಂಟು, ಕಾಲಂ ತುಂಬದಿದ್ದರೆ ಇಲ್ಲ.

ಹೊಸೂರಿಗೇ ವಿಮಾನ ನಿಲ್ದಾಣ ಬರಲಿದೆಯೆಂದು ತಮಿಳುನಾಡು ಮುಖ್ಯಮಂತ್ರಿಯಾಗಿ ಸ್ಟಾಲಿನ್ 2024ರ ಜೂನ್‌ನಲ್ಲಿ ವಿಧಾನಸಭೆಯಲ್ಲಿ ಘೋಷಿಸಿದರು. 2,000 ಎಕರೆ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು. ಆದರೆ 150 ಕಿಲೋಮೀಟರ್ ಒಳಗೆ ಹೊಸ ನಿಲ್ದಾಣ ಕೂಡದೆಂಬ ಬೆಂಗಳೂರು ನಿಲ್ದಾಣದ ಕರಾರು 2033ರವರೆಗೆ ಅಡ್ಡ ನಿಂತಿದೆ. ಅದು ಬಗೆಹರಿದರೆ ಮುನಿಯಪ್ಪನಿಗೆ ವಾಪಸ್ ಬರುವ ಟ್ಯಾಕ್ಸಿ ಖರ್ಚಾದರೂ ಉಳಿದೀತು.